ಮಗ್ಗದ ಶೆಡ್ಡಿನ ಮಾತು

ಸಾಲೆಯ ಕೋಣೆಯಲ್ಲಿ ಫ್ಯಾನು ಕಟಕಟ ಅನ್ನುತ್ತಿದೆ, ಒಂದು ರೆಕ್ಕೆ ಸೊಟ್ಟ, ಅದರ ಕೆಳಗೆ ಸೋನಲ ಮೇಡಂ ಪರದೆಯ ಮೇಲೆ ಮೊಬೈಲಿಗೆ ಹಾಕಿದ ಬೀಗದ ಚಿತ್ರ ತೋರಿಸುತ್ತಿದ್ದಾರೆ, ಆರನೆಯ ಇಯತ್ತೆಯ ಮಕ್ಕಳು ಮುಂದೆ, ತಾಯಂದಿರು ಹಿಂದಿನ ಗೋಡೆಗೆ, ಶಿವವ್ವನಿಗೆ ಅರ್ಧ ಮಾತು ಸಿಗುತ್ತದೆ, ಅರ್ಧ ಫ್ಯಾನಿಗೆ ಹೋಗುತ್ತದೆ — ಹದಿನಾಲ್ಕು ವರ್ಷ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತಿದವಳ ಕಿವಿ, ಅಲ್ಲಿಯ ಗದ್ದಲದಲ್ಲಿ ಯಮ ಬಂದು ಜೊತೆಗೆ ನೂಲು ಸುತ್ತುವ ನಾಗೂಬಾಯಿಯ ಹೆಸರು ಹಿಡಿದು ಕೂಗಿದರೂ ಕೇಳಿಸದೆ ಮೂರು ಸಲ ಬರಿಗೈಲಿ ತಿರುಗಿ ಹೋದನಂತೆ, ಅದಕ್ಕೇ ಮುದುಕಿ ತೊಂಬತ್ತಾದರೂ ಗಟ್ಟಿ — ಶೆಡ್ಡಿನಲ್ಲಿ ದನಿ ಯಾರಿಗೆ ಬೇಕು, ತುಟಿ ಆಡಿಸಿದರೆ ಸಾಕು, ನಾಲ್ಕು ಮಗ್ಗದಾಚೆಯಿಂದ ಏನ ಪಲ್ಲೆ ಮಾಡೀ ಬೇ, ಬದನೀಕಾಯಿ, ಮತ್ತ ಬದನೀಕಾಯೇನ, ನಿನ್ನ ಗಂಡ ಇನ್ನೂ ಓಡಿ ಹೋಗಿಲ್ಲಲಾ, ಎಲ್ಲ ತುಟಿಯಲ್ಲೇ, ಸಹಿ ಬಾರದ ಶಿವವ್ವನಿಗೆ ಓದಲು ಬರುವುದು ಅದೊಂದೇ, ಸೋಮವಾರವೂ ಓದಿದಳು, ಒಲೆಯ ಮುಂದಿನ ಕಿಟಕಿಯಿಂದ, ಕಟ್ಟೆಯ ಮೇಲೆ ಮಗಳು ವೃಷಾಲಿ, ಕಿವಿಯಲ್ಲಿ ವಾಯರು, ಕೈಯಲ್ಲಿ ಅಪ್ಪನ ಮೊಬೈಲು, ಆ ಪುಟ್ಟ ತುಟಿ — ಐದಕ್ಕ ಸಾಲಿ ಬಿಡತೈತಿ, ಕುರುಂದವಾಡ ಗಾಡಿ ಸ್ಟಾಪಿನ್ಯಾಗ ನಾ ಒಬ್ಬಾಕೇ ಇರ್ತೇನಿ — ಓದಿದಳು, ರೊಟ್ಟಿ ಮಗುಚಿದಳು, ಯಾರ ಜೋಡಿ ಮಾತವಾ, ಪೂನಮಳ ಜೋಡಿ, ಗೇಮ್ ಆಡಾಕತ್ತೇವಬೇ, ಆತ ಬಾ ಉಣ್ಣ, ಅಷ್ಟೇ, ಇನ್ನೊಂದು ರೊಟ್ಟಿ ಬಡಿದಳು, ಆದರೆ ಪೂನಮ ಈಗ ಇಲ್ಲೇ ಮುಂದೆ ಕೂತಿದ್ದಾಳೆ, ವೃಷಾಲಿಯ ಪಕ್ಕಕ್ಕೆ, ಅದೇ ಬೆಂಚು ಅದೇ ಸಾಲೆ, ಸಾಲೆ ಬಿಡುವ ಹೊತ್ತು ಪೂನಮಳಿಗೆ ಯಾರಾದರೂ ಹೇಳಿಕೊಡುತ್ತಾರೆಯೇ, ಎದೆ ಹಾರಬೇಕಿತ್ತು, ಹಾರುವುದಿಲ್ಲ, ಒಳಗೆ ಹತ್ತಿ ತುರುಕಿದ ಹಾಗೆ, ಮುಲಾಂನೋ ಲಕ್ಷ್ ದ್ಯಾ, ಮೇಡಂ ಮರಾಠಿಯಲ್ಲಿ ಅಂದು ಕನ್ನಡಕ್ಕೆ ಹೊರಳುತ್ತಾರೆ, ಲಕ್ಷ್ಯ ಕೊಡ್ರಿ, ಗುರುತಿಲ್ಲದವರಿಗೆ ಸಾಲಿ ಹೆಸರ, ಮನಿ, ಸ್ಟಾಪ ಹೇಳಿದವರು ಕೈ ಎತ್ರಿ, ನಾ ಬೈಯಂಗಿಲ್ಲ, ಒಂದೂ ಕೈ ಏಳಲಿಲ್ಲ, ವೃಷಾಲಿ ಮಾತ್ರ ಹಿಂದಿರುಗಿ ನೋಡಿದಳು, ಮೋರೆ ತೊಳೆದ ಅರಿವೆಯ ಹಾಗೆ, ಶೆಡ್ಡಿನ ಜೋಳಿಗೆಯಲ್ಲಿ ಮಲಗಿ ಬೆಳೆದ ಕೂಸು, ದನಿಗಿಂತ ಮೊದಲು ತುಟಿ ಕಲಿತವಳು, ಶಿವವ್ವ ದನಿ ತೆಗೆಯದೆ ಕೇಳುತ್ತಾಳೆ, ಯಾಂವ ಅಂವಾ, ಅಷ್ಟು ತಲೆಗಳ ಮೇಲಿಂದ ಮಗಳ ತುಟಿ, ಗೊತ್ತಿಲ್ಲವ್ವಾ, ಗೇಮಿನಾಂವ, ಯಾವಾಗ ಬರ್ತಾನ, ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು, ತುಟಿ ತೆರೆಯುತ್ತದೆ, ಇವತ್ತ, ಮುಚ್ಚುತ್ತದೆ — ಮೇಲೆದ್ದದ್ದು ಶಿವವ್ವನ ಕೈ, ನೂಲು ಕೊಯ್ದ ಬೆರಳು, ಯಾರದೋ ಕೈ ಇದ್ದ ಹಾಗೆ, ಮಕ್ಕಳು ನಗುತ್ತಾರೆ, ಮೇಡಂ ಏನೋ ಕೇಳುತ್ತಾರೆ, ಏನ್ರಿ ಬಾಯಿ, ನೀವಾ, ಫ್ಯಾನು ಕಟಕಟ, ಕೇಳುವುದಿಲ್ಲ, ಕೈ ಇಳಿಯುವುದಿಲ್ಲ, ಕಾಣುವುದು ಅದೊಂದೇ, ಆ ಪುಟ್ಟ ತುಟಿ, ತೆರೆಯುತ್ತದೆ, ಇವತ್ತ, ಮುಚ್ಚುತ್ತದೆ, ತೆರೆಯುತ್ತದೆ, ಇವತ್ತ