ಅನಸೂಯಾಳ ಅರ್ಜೆಂಟ್ ಗಾಡಿ

ನಾನು ಹುಟ್ಟಿದ ದಿನ ನನ್ನ ಜೊತೆಗೆ ಇನ್ನೂ ನಲವತ್ತು ಮಂದಿ ಹುಟ್ಟಿದರು. ಎಲ್ಲರಿಗೂ ಒಂದೇ ಬಿಳಿ ಬಣ್ಣ, ಒಂದೇ ಮೂತಿ, ಒಂದು ಟನ್ನು ಹೊರುವ ಒಂದೇ ಥರದ ಬೆನ್ನು. ಕಾರ್ಖಾನೆಯ ಸಾಲಿನ ಕೊನೆಯಲ್ಲಿ ಒಬ್ಬಾತ ನನ್ನ ಚಕ್ರದ ನಟ್ಟುಗಳನ್ನು ಬಿಗಿದು, ಬಾನೆಟ್ಟಿಗೆ ಒಂದು ಪೆಟ್ಟು ಕೊಟ್ಟು, "ನಡಿ" ಅಂದ. ಅದೇ ನನ್ನ ನಾಮಕರಣ. ನಾನೊಂದು ಪಿಕಪ್ ಗಾಡಿ. ಲಾರಿಗಳು ಹಾರ್ನ್ ಹೊಡೆದು ನನ್ನನ್ನು ಪಕ್ಕಕ್ಕೆ ಸರಿಸುತ್ತವೆ, ಆಟೋಗಳು ನನ್ನನ್ನು ಕಂಡರೆ ತಾವೇ ಸರಿಯುತ್ತವೆ. ಲೋಕದಲ್ಲಿ ನನ್ನ ಸ್ಥಾನ ಇಷ್ಟೇ ಎಂದು ಮೊದಲ ವಾರದಲ್ಲೇ ತಿಳಿಯಿತು.

ನನ್ನ ಮೊದಲ ಯಜಮಾನರು ಹಾವೇರಿಯಲ್ಲಿ ಮದುವೆ ಶಾಮಿಯಾನಾ ಹಾಕುವವರು. ಆರು ವರ್ಷ ಬರೀ ಬಿದಿರು, ಕಂಬ, ಕಡಾಯಿ ಹೊತ್ತೆ. ಎಷ್ಟು ಮದುವೆಗಳಿಗೆ ಹೋದೆನೋ ಲೆಕ್ಕವಿಲ್ಲ, ಒಂದರಲ್ಲೂ ವಧುವಿನ ಮುಖ ನೋಡಲಿಲ್ಲ. ಗಾಡಿ ನಿಲ್ಲಿಸುವುದು ಯಾವಾಗಲೂ ಅಡುಗೆಮನೆಯ ಹಿಂದೆ. ಆಮೇಲೆ ಒಬ್ಬ ನೀರಿನ ಕ್ಯಾನ್ ವ್ಯಾಪಾರಿಯ ಕೈಗೆ ಬಿದ್ದೆ. ಅವನು ನನ್ನ ಬೆನ್ನನ್ನು ಮೂರು ವರ್ಷ ಒದ್ದೆ ಮಾಡಿಟ್ಟು, ತುಕ್ಕು ಹತ್ತಿದ ಮೇಲೆ ಹುಬ್ಬಳ್ಳಿಯ ಹಳೇ ಗಾಡಿಗಳ ಅಂಗಳದಲ್ಲಿ ತಂದು ನಿಲ್ಲಿಸಿದ. ಒಂಬತ್ತು ವರ್ಷಕ್ಕೇ ಮುದಿ ಅನ್ನಿಸಿಕೊಂಡೆ. ನನಗೆ ಸಿಟ್ಟು ಬಂದಿತ್ತು, ನಿಜವಾಗಿ ಹೇಳುತ್ತೇನೆ. ಎಂಜಿನ್ ಗಟ್ಟಿ ಇದ್ದವರಿಗೆ ಮೈಮೇಲಿನ ತುಕ್ಕು ನೋಡಿ ಬೆಲೆ ಕಟ್ಟಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಅಲ್ಲಿಗೆ ಬಂದವಳು ಅನಸೂಯಾ ಬಡಿಗೇರ. ಎಲ್ಲರೂ ಬಂದು ಬಾಗಿಲು ಬಡಿದು ನೋಡುತ್ತಿದ್ದರು. ಇವಳು ಬಂದವಳೇ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲಕ್ಕೆ ಕೂತು, ನನ್ನ ಹೊಟ್ಟೆಯ ಕೆಳಗೆ ಬಗ್ಗಿ, ಭಾರ ಹೊರುವ ಸ್ಪ್ರಿಂಗಿನ ಪಟ್ಟಾ ಎಣಿಸಿದಳು. ಒಂಬತ್ತು ವರ್ಷದಲ್ಲಿ ನನ್ನ ಹೊಟ್ಟೆ ನೋಡಿದ ಮೊದಲ ಗಿರಾಕಿ ಅವಳು.

ಅವಳು ಹನ್ನೊಂದು ವರ್ಷ ಪಟ್ಟೇದ ಸಾವಕಾರರ ಲಾರಿ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಫೋನ್ ಹಿಡಿದವಳು. ಯಾವ ಲಾರಿ ಎಲ್ಲಿದೆ, ಯಾವ ಸರಕು ಯಾರಿಗೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಸಾವಕಾರರ ಆಫೀಸಿನಲ್ಲಿ ಒಂದು ಪದ್ಧತಿ. ಸರಕು ಇಳಿಸಿಕೊಳ್ಳುವವರಿಗೆ ಫೋನ್ ಮಾಡಿ, ಅವರ ದನಿ ಕೇಳಿ, "ಹೌದು, ನಮ್ಮದೇ" ಅನ್ನಿಸಿದ ಮೇಲೆಯೇ ಗಾಡಿ ಹೊರಡಬೇಕು. ದಿನಕ್ಕೆ ನಲವತ್ತು ಫೋನ್ ಅವಳೇ ಮಾಡುತ್ತಿದ್ದಳು. ಹೀಗೆ ಬೇರೆಯವರ ಗಾಡಿಗಳನ್ನು ಊರೂರಿಗೆ ಕಳಿಸಿ ಕಳಿಸಿ, ಒಂದು ದಿನ ತಾನೇ ಹೋಗಬೇಕು ಅನ್ನಿಸಿತು. ಲಾರಿ ಭರ್ತಿಯಾಗುವ ತನಕ ಕಾಯಲಾಗದ ಸಣ್ಣ ಸರಕುಗಳಿರುತ್ತವೆ. ಎಲ್ಲೋ ಯಂತ್ರ ನಿಂತಿರುತ್ತದೆ, ಬಿಡಿಭಾಗ ಈವತ್ತೇ ಮುಟ್ಟಬೇಕು. ಅಂಥ ಅರ್ಜೆಂಟ್ ಲೋಡುಗಳಿಗೆ ನನ್ನಂಥ ಗಾಡಿಯೇ ಬೇಕು ಎಂದು ಅವಳಿಗೆ ಗೊತ್ತಿತ್ತು.

ಸಾವಕಾರರು ಅಂಗಳಕ್ಕೇ ಬಂದು ನನ್ನನ್ನು ನೋಡಿದರು. ನನ್ನ ಟೈರಿಗೆ ಚಪ್ಪಲಿಯಿಂದ ತಿವಿದು ಅಂದರು, "ಇದನ್ನ ತಗೊಂಡು ಹೊಟ್ಟಿ ತುಂಬಿಸ್ಕೋತೀ ಏನವಾ? ಮೂರು ತಿಂಗಳು ನಿನ್ನ ಕುರ್ಚಿ ಯಾರಿಗೂ ಕೊಡೂದಿಲ್ಲ. ಆಗಲಿಲ್ಲಂದ್ರ ನಾಚಿಕಿ ಬಿಟ್ಟು ಬಂದು ಕೂಡು."

"ಕುರ್ಚಿ ಧೂಳ ಹಿಡದ್ರ ಹಿಡೀಲಿ ಬಿಡ್ರಿ ಸಾವಕಾರ್ರ. ನಾ ಬರೂದಿಲ್ಲ," ಅಂದಳು ಅನಸೂಯಾ. ಅಂದಳೇನೋ ಹೌದು, ಆದರೆ ಹೊರಡುವಾಗ ಎರಡು ಸಲ ಗೇರ್ ತಪ್ಪಿಸಿದ್ದು ನನಗೊಬ್ಬನಿಗೇ ಗೊತ್ತು.

ಲೋಡು ಹುಡುಕಲು ಅವಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಳು. ಅದನ್ನು ನನ್ನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟದ್ದರಿಂದ ಅದರ ಆಟವೆಲ್ಲ ನನಗೂ ತಿಳಿಯಿತು. ಯಾರೋ ಒಂದು ಲೋಡು ಹಾಕುತ್ತಾರೆ. ತೊಂಬತ್ತು ಸೆಕೆಂಡು ಕೊಡುತ್ತಾರೆ. ಗಾಡಿಯವರೆಲ್ಲ ಒಬ್ಬರಿಗಿಂತ ಒಬ್ಬರು ಬಾಡಿಗೆ ಇಳಿಸುತ್ತ ಹೋಗಬೇಕು. ಎಲ್ಲರಿಗಿಂತ ಕಡಿಮೆ ಕೂಗಿದವನಿಗೆ ಲೋಡು. ಹರಾಜಿನಲ್ಲಿ ಏರಿಸುವುದನ್ನು ಕೇಳಿದ್ದೆ, ಇದು ಇಳಿಸುವ ಹರಾಜು. ಗೆದ್ದವನೇ ಸೋತಿರುತ್ತಾನೆ, ಅವನಿಗೆ ಅದು ಊರು ಮುಟ್ಟಿದ ಮೇಲೆ ತಿಳಿಯುತ್ತದೆ. ಒಪ್ಪಿಕೊಂಡ ಲೋಡನ್ನು ಬಿಟ್ಟರೆ ಹೆಸರಿನ ಮುಂದೆ ಒಂದು ಕೆಂಪು ಗುರುತು. ಮೂರು ಗುರುತಾದರೆ ಖಾತೆ ಬಂದ್.

ಅನಸೂಯಾ ಮೊದಲ ದಿನವೇ ಕಾರವಾರದ ಲೋಡು ಗೆದ್ದಳು. ಹನ್ನೊಂದು ವರ್ಷದಿಂದ ದಿನಾ ಕಾರವಾರಕ್ಕೆ ಫೋನ್ ಮಾಡಿದವಳು, ಕಾರವಾರಕ್ಕೆ ಹೋದವಳಲ್ಲ. ಆಫೀಸಿನ ಗೋಡೆಯ ನಕ್ಷೆಯಲ್ಲಿ ಅರಬೈಲು ಘಾಟು ಒಂದು ಸೊಟ್ಟ ಗೆರೆ ಮಾತ್ರ. ಆ ಗೆರೆಯ ಮೇಲೆ ಮರಳಿ ಏರುವಾಗ ನಾನು ಎಷ್ಟು ಡೀಸೆಲ್ ಕುಡಿದೆನೆಂದರೆ ನನಗೇ ನಾಚಿಕೆಯಾಯಿತು. ಬರುವಾಗ ಬೆನ್ನು ಖಾಲಿ. ಅಲ್ಲಿಂದ ಬರುವ ಸರಕೆಲ್ಲ ಬೆಳಗಿನ ಜಾವವೇ ಹೊರಟುಹೋಗಿರುತ್ತದೆ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಯಲ್ಲಾಪುರದಲ್ಲಿ ನಿಲ್ಲಿಸಿ, ಚಹಾ ಕುಡಿಯದೆ, ಬಿಸಿಯಾದ ನನ್ನ ಬಾನೆಟ್ಟಿನ ಮೇಲೆ ಕೈ ಇಟ್ಟು, "ತಪ್ಪಾತಪಾ, ನಂದ ತಪ್ಪಾತು," ಅಂದಳು. ಜೀವಮಾನದಲ್ಲಿ ನನ್ನ ಹತ್ತಿರ ಕ್ಷಮೆ ಕೇಳಿದ ಮೊದಲ ಮನುಷ್ಯ ಜೀವ ಅವಳು. ಆ ದಿನದಿಂದ ನಾನು ಅವಳ ಪಕ್ಷ.

ಆಮೇಲಿನ ವಾರಗಳೂ ಅಷ್ಟೇನೂ ಸುಖವಾಗಿರಲಿಲ್ಲ. ಎಂಟು ನೂರು ಕಿಲೋ ಎಂದು ಹಾಕಿದ್ದ ಕಬ್ಬಿಣದ ಪಟ್ಟಿಗಳು ಹೋಗಿ ನೋಡಿದರೆ ಎರಡು ಟನ್ನು. ನನ್ನ ಪಟ್ಟಾ ಮುರಿಯುತ್ತದೆ ಎಂದು ಅವಳು ಒಲ್ಲೆನೆಂದಳು. ಮೊದಲ ಕೆಂಪು ಗುರುತು. ಮತ್ತೊಮ್ಮೆ ಬ್ಯಾಡಗಿಗೆ ಹೋದರೆ ಅಲ್ಲಿ ಲೋಡೂ ಇಲ್ಲ, ಹಾಕಿದವನೂ ಇಲ್ಲ, ಫೋನು ಬಂದ್. ಲೋಡು ಎತ್ತಲಿಲ್ಲ ಎಂದು ಆ್ಯಪ್ ಅವಳಿಗೇ ಎರಡನೆಯ ಗುರುತು ಹಾಕಿತು. ಮೂರು ತಿಂಗಳಲ್ಲಿ ಹನ್ನೆರಡು ದಿನ ಉಳಿದಿದ್ದವು. ಸಾವಕಾರರ ಆಫೀಸಿನ ಮುಂದೆ ಹಾಯುವಾಗ ಕಿಟಕಿಯಲ್ಲಿ ಆ ಖಾಲಿ ಕುರ್ಚಿ ಕಾಣುತ್ತಿತ್ತು. ಅವಳು ಆ ಕಡೆ ನೋಡದ ಹಾಗೆ ಗೇರ್ ಬದಲಿಸುತ್ತಿದ್ದಳು.

ಆಗ ಬಂತು ಕೆಂಗಲ್ಲೂರಿನ ಲೋಡು. ಗದಗ ದಾಟಿ ಒಳಗಿರುವ ಊರು. ಊರಿಗೆ ನೀರೆತ್ತುವ ಪಂಪ್‌ಹೌಸಿನ ಮೋಟರ್ ಸುಟ್ಟು, ಹುಬ್ಬಳ್ಳಿಯ ಇಮಾಮಸಾಬ ಮಿಸ್ತ್ರಿಯ ಅಂಗಡಿಯಲ್ಲಿ ತಂತಿ ಸುತ್ತಿಸಿ ಸಿದ್ಧವಾಗಿತ್ತು. ಮುಕ್ಕಾಲು ಟನ್ನು ತೂಕ, ಹೊಟ್ಟೆಯ ತುಂಬ ಹೊಸ ತಾಮ್ರ. ವಿಕಿ ಎಂಬ ದಲ್ಲಾಳಿ ಆ್ಯಪಿನಲ್ಲಿ ಹಾಕಿದ್ದ. ಅನಸೂಯಾ ತೊಂಬತ್ತು ಸೆಕೆಂಡಿನ ಕೊನೆಯ ಸೆಕೆಂಡಿನಲ್ಲಿ ಗೆದ್ದಳು. ಆ ಗಡಿಬಿಡಿಯಲ್ಲಿ ಹನ್ನೊಂದು ವರ್ಷದ ರೂಢಿ ಮರೆತಳು. ಇಳಿಸಿಕೊಳ್ಳುವವರ ನಂಬರು ಆ್ಯಪಿನಲ್ಲಿ ಇರಲಿಲ್ಲ, ಇವಳೂ ಕೇಳಲಿಲ್ಲ. ದಲ್ಲಾಳಿಯ ದನಿಯೊಂದನ್ನೇ ಕೇಳಿ ಹೊರಟುಬಿಟ್ಟಳು.

ಅಣ್ಣಿಗೇರಿ ದಾಟಿದೆವು. ಮಧ್ಯಾಹ್ನದ ಬಿಸಿಲು. ಗದಗಿನ ಬೈಪಾಸ್ ಹತ್ತಿರ ಬಂದಾಗ ಫೋನ್ ರಿಂಗಾಯಿತು. ವಿಕಿ.

"ಅಕ್ಕಾರ, ಕೆಂಗಲ್ಲೂರಿಗೆ ಹೋಗಬ್ಯಾಡ್ರಿ. ಅಡ್ರೆಸ್ ಬದಲಾಗೈತಿ. ಅಲ್ಲೇ ಮುಂದ ಒಂದು ಗೋದಾಮು ಬರ್ತದ, ಅಲ್ಲಿ ಇಳಿಸಿಬಿಡ್ರಿ. ಬಾಡಗಿ ಪೂರಾ ಕೊಡತೇನಿ, ಮ್ಯಾಲ ಖುಷಿಗಂತ ಬ್ಯಾರೆ ಕೊಡತೇನಿ."

"ಊರಾಗಿನವರಿಗೆ ಗೊತ್ತೈತೇನ್ರಿ?"

"ಅದೆಲ್ಲಾ ನಿಮಗ್ಯಾಕ್ರಿ? ನಿಮ್ಮ ಹೆಸರಿನ ಮುಂದ ಎರಡು ಕೆಂಪು ಐತಿ, ನಾ ನೋಡೀನಿ. ಮೂರನೇದು ಹಾಕಸೂದು ನನಗೊಂದು ನಿಮಿಷದ ಕೆಲಸ."

ಅನಸೂಯಾ ನನ್ನನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದಳು. ಗೋದಾಮಿಗೆ ತಿರುಗಿದರೆ ಖಾತೆ ಉಳಿಯುತ್ತದೆ, ಗಾಡಿ ಉಳಿಯುತ್ತದೆ. ತಿರುಗದಿದ್ದರೆ ಕುರ್ಚಿ. ನನಗೂ ಭಯವಾಯಿತು. ಹಳೇ ಗಾಡಿಗಳ ಅಂಗಳದಿಂದ ಮುಂದಿನ ನಿಲ್ದಾಣ ಗುಜರಿಯೇ ಎಂದು ನನಗೆ ಗೊತ್ತಿಲ್ಲವೆ?

ಅವಳು ಇಳಿದು ಹಿಂದೆ ಬಂದು ತಾಡಪತ್ರಿ ಎತ್ತಿದಳು. ರಿಪೇರಿಗೆ ಬಂದ ಮೋಟರು ಅದಲುಬದಲಾಗದಿರಲಿ ಎಂದು ಮಿಸ್ತ್ರಿಗಳು ಅದರ ಹೊಟ್ಟೆಯ ಮೇಲೆ ಸೀಮೆಸುಣ್ಣದಿಂದ ಊರು, ಹೆಸರು, ನಂಬರು ಬರೆದಿರುತ್ತಾರೆ. ಬರೆದಿತ್ತು. "ಕೆಂಗಲ್ಲೂರು ಪಂಪ್‌ಹೌಸ್, ತಿರಕಪ್ಪ." ಕೆಳಗೆ ನಂಬರು. ಆದರೆ ಬಿಗಿದು ಕಟ್ಟಿದ ಹಗ್ಗ ಉಜ್ಜಿ ಉಜ್ಜಿ ಕೊನೆಯ ಅಂಕಿ ಅಳಿಸಿಹೋಗಿತ್ತು. ಇಮಾಮಸಾಬರಿಗೆ ಮಾಡಿದರೆ ಮಷಿನಿನ ಸದ್ದಿನಲ್ಲಿ ಅವರಿಗೆ ಫೋನು ಕೇಳಲೇ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ಚೆಲ್ಲುತ್ತಿದ್ದರು. ದಿನಕ್ಕೆ ನಲವತ್ತು ಫೋನ್ ಮಾಡಿದವಳಿಗೆ ಹತ್ತು ಫೋನು ಯಾವ ಮಹಾ? ಸೊನ್ನೆಯಿಂದ ಶುರು ಮಾಡಿದಳು. ಸೊನ್ನೆ ಹಾಕಿದರೆ ನಂಬರೇ ಇಲ್ಲ. ಒಂದು ಹಾಕಿದರೆ ಒಬ್ಬ ಮುದುಕಿ, "ಸಂಗವ್ವನ ಮಗಳಲ್ಲೇನ?" ಎಂದು ಮಾತಿಗೇ ಕೂತಳು. ಎರಡು ಎತ್ತಲಿಲ್ಲ. ಮೂರು ಬೈದ. ನಾಲ್ಕರವನು ಸಾಲ ಬೇಕೇನು ಅಂತ ಇವಳನ್ನೇ ಕೇಳಿದ. ಐದು, ಆರು ಬಂದ್ ಆಗಿದ್ದವು. ಏಳು ಹಾಕಿದಾಗ ಒಂದು ದಣಿದ ದನಿ ಬಂತು.

"ಯಾರ್ರಿ?"

"ಕೆಂಗಲ್ಲೂರ ತಿರಕಪ್ಪನವರೇನ್ರಿ? ನಿಮ್ಮ ಮೋಟರ್ ನನ್ನ ಗಾಡ್ಯಾಗ ಐತ್ರಿ. ಗೋದಾಮಿನ್ಯಾಗ ಇಳಸು ಅಂತ ನೀವು ಹೇಳೀರೇನ್ರಿ?"

"ಯಾವ ಗೋದಾಮ್ರಿ? ಯವ್ವಾ ತಾಯಿ, ನಾಕು ದಿನ ಆತು ಊರಾಗ ಹನಿ ನೀರಿಲ್ಲ. ನಾ ಇಲ್ಲಿ ಮೋಟರ್ ಇಲ್ಲದ ಖಾಲಿ ಬುನಾದಿ ಮುಂದ ಕುಂತೀನಿ. ಎಲ್ಲೂ ಇಳಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಸೀದಾ ಬರ್ರಿ!"

ದಲ್ಲಾಳಿಯ ಗೋದಾಮಿನಲ್ಲಿ ಆ ತಾಮ್ರ ಸಂಜೆಯೊಳಗೆ ಕರಗಿಹೋಗುತ್ತಿತ್ತು ಎಂದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ವಿಕಿ ಮತ್ತೆ ಫೋನ್ ಮಾಡಿದ. ಅನಸೂಯಾ ಎತ್ತಿ, "ಸರಕು ಯಾರದೋ ಅವರ ದನಿ ಕೇಳಿಬಿಟ್ಟೇನಿ. ಇನ್ನ ನಿಂದ ಕೇಳೂದಿಲ್ಲ," ಎಂದು ಇಟ್ಟಳು. ಎರಡು ಮೈಲಿ ಹೋಗುವಷ್ಟರಲ್ಲಿ ಆ್ಯಪ್ ಟಿಣ್ ಅಂದಿತು. ಮೂರನೆಯ ಕೆಂಪು. ಖಾತೆ ಬಂದ್. ಅವಳು ಫೋನನ್ನು ಮಗುಚಿಟ್ಟು ಆಕ್ಸಿಲರೇಟರ್ ಒತ್ತಿದಳು.

ಕೊನೆಯ ಮೂರು ಕಿಲೋಮೀಟರು ಡಾಂಬರಿಲ್ಲ, ಹುಡಿಹುಡಿಯಾದ ಎರೆಮಣ್ಣಿನ ದಾರಿ. ಹಿಂದಿನ ಚಕ್ರ ಎರಡು ಸಲ ಹೂತುಹೋಯಿತು. ಹೊಗೆ ಉಗುಳಿದೆ, ನರಳಿದೆ, ಎದ್ದೆ. ನನ್ನ ಪಾಲೂ ಇದೆ ಎಂದು ಇಲ್ಲಿ ಹೇಳಿಕೊಳ್ಳದಿದ್ದರೆ ಆತ್ಮಕಥೆ ಬರೆದು ಏನು ಪ್ರಯೋಜನ? ಪಂಪ್‌ಹೌಸಿನ ಮುಂದೆ ಊರಿಗೆ ಊರೇ ಕೊಡ ಹಿಡಿದು ನಿಂತಿತ್ತು. ತಿರಕಪ್ಪ ಅಂದರೆ ಪಂಪ್ ನಡೆಸುವ, ಎಣ್ಣೆ ಅಂಗಿಯ, ಕುರುಚಲು ಗಡ್ಡದ ಆಳು. ಓಡಿಬಂದು ಮೋಟರಿಗೆ ಕೈ ಹಚ್ಚಿ ಅಳುತ್ತಲೇ ನಕ್ಕ. ಚೈನು ಕಟ್ಟಿ ಇಳಿಸಿದರು, ಕೂರಿಸಿದರು, ಬೋಲ್ಟ್ ಬಿಗಿದರು. ಗುಂಡಿ ಒತ್ತಿದಾಗ ಮೊದಲು ಒಂದು ಗೊರಗೊರ, ಆಮೇಲೆ ಕೆಸರು ನೀರು, ಆಮೇಲೆ ತಿಳಿನೀರು ಧೋ ಎಂದು ಬಂತು. ಜನ ಕೂಗಿದ ಕೂಗಿಗೆ ನನ್ನ ಗಾಜು ಅದುರಿತು.

ತುಂಬಿದ ಮೊದಲ ಕೊಡವನ್ನು ಒಬ್ಬಳು ಹೆಂಗಸು ಮನೆಗೆ ಒಯ್ಯಲಿಲ್ಲ. ನನ್ನ ಮುಂದೆ ಬಂದು, ಧೂಳು ಮೆತ್ತಿದ ನನ್ನ ಮುಖಕ್ಕೆ ಸುರಿದು ಸೆರಗಿನಿಂದ ಒರೆಸಿದಳು. ನಾಲ್ಕು ದಿನ ನೀರು ಕಾಣದ ಊರು ನನಗೆ ಮೊದಲ ಕೊಡ ಕೊಟ್ಟಿತು. ಮದುವೆಗಳ ಹಿಂಬದಿಯಲ್ಲೇ ನಿಂತು ಬೆಳೆದವನಿಗೆ ಇದಕ್ಕಿಂತ ದೊಡ್ಡ ಮೆರವಣಿಗೆ ಬೇಕೆ? ನನಗೆ ಅಳು ಬಂತು. ವೈಪರ್ ಇದ್ದದ್ದು ಒಳ್ಳೆಯದಾಯಿತು.

ಸುದ್ದಿ ನಮಗಿಂತ ಮೊದಲು ಹುಬ್ಬಳ್ಳಿ ಮುಟ್ಟಿತ್ತು. ಇಮಾಮಸಾಬ ಮಿಸ್ತ್ರಿ ತಮ್ಮ ಓಣಿಯ ಅಂಗಡಿಗಳಿಗೆಲ್ಲ ಹೇಳಿದರು, "ಮೋಟರ್ ಕಳಸೂದಿದ್ರ ಆಕೀ ಕೈಯಾಗ ಕಳಸ್ರಿ." ಮರುವಾರದಿಂದ ಆ್ಯಪ್ ಇಲ್ಲದೆಯೇ ಫೋನುಗಳು ಬರತೊಡಗಿದವು. ತಿರಕಪ್ಪ ಬರೆದುಕೊಟ್ಟ ಪತ್ರ ಕಳಿಸಿದ ಮೇಲೆ ಆ್ಯಪಿನವರು ವಿಕಿಯನ್ನು ಹೊರಗೆ ಹಾಕಿ ಇವಳ ಖಾತೆ ತೆರೆದರು. ಅವಳು ಆಮೇಲೂ ಅದರಲ್ಲಿ ಲೋಡು ಹಿಡಿದಳು, ಇಲ್ಲವೆನ್ನುವುದಿಲ್ಲ. ಆದರೆ ಮೊದಲೇ ಮರಳುವ ಲೋಡು ವಿಚಾರಿಸಿ, ತನಗೆ ಗಿಟ್ಟುವ ದರ ಒಂದೇ ಸಲ ಹೇಳಿ ಸುಮ್ಮನಾಗುತ್ತಿದ್ದಳು. ಸರಕನ್ನು ಕಣ್ಣಾರೆ ಕಂಡು, ಇಳಿಸಿಕೊಳ್ಳುವವರ ದನಿ ಕಿವಿಯಾರೆ ಕೇಳದೆ ನನ್ನ ಕೀಲಿ ತಿರುಗಿಸಲಿಲ್ಲ.

ಮೂರು ತಿಂಗಳು ತುಂಬಿದ ದಿನ ಅವಳು ನನ್ನನ್ನು ಸೀದಾ ಸಾವಕಾರರ ಆಫೀಸಿನ ಮುಂದೆ ನಿಲ್ಲಿಸಿದಳು. ಸಾವಕಾರರು ಹೊರಗೆ ಬಂದು, "ಬಂದೇನವಾ? ಒರೆಸಿ ಇಟ್ಟೀನಿ, ಕೂಡು ಬಾ," ಅಂದರು.

"ಕೂಡಾಕ ಬಂದಿಲ್ರಿ. ಲೋಡ್ ಮಾಡಾಕ ಬಂದೀನಿ. ಆ ಕುರ್ಚಿ ಕೊಡ್ರಿ, ನನ್ನ ಆಫೀಸಿಗೆ ಬೇಕಾಗೈತಿ."

ಸಾವಕಾರರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮೂರು ತಿಂಗಳ ಹಿಂದೆ ಚಪ್ಪಲಿಯಿಂದ ತಿವಿದ ಟೈರನ್ನು ಈ ಸಲ ಕೈಯಿಂದ ಮುಟ್ಟಿದರು. ಆಮೇಲೆ ತಾವೇ ಕುರ್ಚಿ ಎತ್ತಿ ತಂದು ನನ್ನ ಬೆನ್ನ ಮೇಲಿಟ್ಟು ಹಗ್ಗ ಬಿಗಿದರು. ನಾನು ಹೊತ್ತ ಭಾರಗಳಲ್ಲೇ ಅತ್ಯಂತ ಹಗುರವಾದದ್ದು ಅದು.

ಅದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಈಗ ಅನಸೂಯಾಳ ಅಂಗಳದಲ್ಲಿ ಆರು ಗಾಡಿಗಳು. ನನ್ನ ಎಂಜಿನ್ ನಿಂತಿದೆ. ಗುಜರಿಯವರು ಮೂರು ಸಲ ಬಂದು ಬರಿಗೈಯಲ್ಲಿ ಹೋದರು. ಗೋಡೆಯ ಪಕ್ಕದಲ್ಲಿ, ಅವಳ ಆಫೀಸಿನ ಕಿಟಕಿಗೆ ಎದುರಾಗಿ ನನ್ನನ್ನು ನಿಲ್ಲಿಸಿದ್ದಾಳೆ. ಬೆಳಿಗ್ಗೆ ಹೊಸ ಗಾಡಿಗಳು ಹೊರಡುವ ಮೊದಲು ಡ್ರೈವರುಗಳು ಒಬ್ಬೊಬ್ಬರಾಗಿ ಫೋನ್ ಮಾಡುವುದು ಕೇಳಿಸುತ್ತದೆ, "ಸರಕು ನಿಮ್ಮದೇ ಏನ್ರಿ?"

ಕಿಟಕಿಯಲ್ಲಿ ಆ ಕುರ್ಚಿಯೂ ಕಾಣುತ್ತದೆ. ಅದು ಬಂದ ಗಿರಾಕಿಗಳಿಗೆ. ಕಳೆದ ವರ್ಷ ನನ್ನ ಎಂಜಿನ್ ನಿಂತ ದಿನ ಅನಸೂಯಾ ಮಿಸ್ತ್ರಿಯನ್ನು ಕರೆಸಿ ನನ್ನ ಡ್ರೈವರ್ ಸೀಟು ಬಿಚ್ಚಿಸಿದಳು, ಅದಕ್ಕೆ ನಾಲ್ಕು ಕಬ್ಬಿಣದ ಕಾಲು ಹಚ್ಚಿಸಿ ಮೇಜಿನ ಹಿಂದೆ ಹಾಕಿಸಿದಳು. ಅವಳು ಕೂರುವುದು ಅದರ ಮೇಲೆ.