ರೂಪಾಲಿಯ ಹೊಸ ಹೆಸರು

ಅಥಣಿಯ ಆ ಪುಟ್ಟ ರೇಡಿಯೋ ಸ್ಟೇಷನ್ನಿನ ಮಾಲೀಕ ಬಾಪುಸಾಹೇಬನಿಗೆ ಕಾರ್ಯಕ್ರಮ ಬದಲಿಸುವುದೆಂದರೆ ಅಂಗಿ ಬದಲಿಸಿದಷ್ಟೇ ಸಲೀಸು. ಮೊದಲು ಬೆಳಗೆಲ್ಲ ಭಜನೆ ಹಾಕಿದ. ಜಾಹೀರಾತು ಬರಲಿಲ್ಲ. ಒಣದ್ರಾಕ್ಷಿ ದರ, ಬೆಳೆಗೆ ಔಷಧಿ ಹೊಡೆಯುವ ಸಲಹೆ ಅಂತ ಶುರುಮಾಡಿದ. ಗೊಬ್ಬರದಂಗಡಿಯವರು ನಾಲ್ಕು ದಿನ ಜಾಹೀರಾತು ಕೊಟ್ಟು ಕೈಬಿಟ್ಟರು. ಈಗ ಬಂದದ್ದು ‘ಮಸ್ತ್ ಮಜಾ ಮಾತ’: ಗಂಡ-ಹೆಂಡಿರ ಜಗಳ, ಪ್ರೇಮದ ಪೇಚಾಟ, ಫೋನು, ನಗು, ನಡುನಡುವೆ ಸಿನಿಮಾ ಹಾಡು. ಭಜನೆಗೂ ದರಕ್ಕೂ ದನಿ ಕೊಟ್ಟ ರೂಪಾಲಿಯೇ ಇದಕ್ಕೂ. ಹೆಸರು ಮಾತ್ರ ಸ್ವೀಟಿ!

ರೂಪಾಲಿಗೆ ಹೆದರಿಕೆ ಮನೆಯದು. ಹತ್ತಿರದ ಮಂಗಸೂಳಿ ಊರಿನ ಅವಳ ಮಾವ ಧರೆಪ್ಪ ದ್ರಾಕ್ಷಿ ತೋಟದಲ್ಲಿ ದಿನವಿಡೀ ರೇಡಿಯೋ ಹಚ್ಚಿಕೊಂಡಿರುವ ಮನುಷ್ಯ. ಭಜನೆಯ ಕೆಲಸವೆಂದೇ ಸೊಸೆಯನ್ನು ಹೊರಗೆ ಕಳಿಸಿದ್ದ. ಆ ಮನೆಯಲ್ಲಿ ಸೊಸೆಯಂದಿರು ಮಾವನೆದುರು ಬಾಯಿ ಬಿಡುವುದಿಲ್ಲ; ತನ್ನ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ರೂಪಾಲಿ ಅವನೊಂದಿಗೆ ನೇರ ಒಂದು ಮಾತು ಆಡಿದವಳಲ್ಲ. ಏನಿದ್ದರೂ ಅತ್ತೆ ಗೌರಾಬಾಯಿಯ ಮೂಲಕ. ಅಂಥವಳು ಪರಗಂಡಸರ ಜೊತೆ ಕಿಲಕಿಲ ನಗುವುದು ಅವನ ಕಿವಿಗೆ ಬಿದ್ದರೆ ಕೆಲಸ ಹೋದಂತೆಯೇ. ಅವಳಿಗೋ ಮೈಕೆಂದರೆ ಜೀವ. “ನಾ ಈಗ ಕಂಪ್ಯೂಟರ್ ನೋಡ್ಕೋತೇನ್ರಿ, ಮಾತಾಡಾಕ ಬ್ಯಾರೆದಾಕಿ ಬಂದಾಳ” ಎಂದು ಅತ್ತೆಗೆ ಸುಳ್ಳು ಹೇಳಿದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ವಾರ ಕಳೆದಿರಲಿಲ್ಲ. ಕಾರ್ಯಕ್ರಮದ ನಡುವೆ ಒಂದು ಫೋನು ಬಂತು.

“ನಾ ಮಂಗಸೂಳಿ ಧರೆಪ್ಪ.”

ರೂಪಾಲಿಯ ಕೈ ತಾನಾಗಿ ಸೆರಗನ್ನು ತಲೆಗೆಳೆಯಿತು. ಅದು ಹೆಡ್‌ಫೋನಿಗೆ ಸಿಕ್ಕಿಕೊಂಡಿತು. ಗಾಜಿನಾಚೆಯಿಂದ ಬಾಪುಸಾಹೇಬ ‘ಮಾತಾಡು, ಮಾತಾಡು’ ಎಂದು ಸನ್ನೆ ಮಾಡುತ್ತಿದ್ದ.

“ಹೇ... ಹೇಳ್ರಿ.”

“ಏನ್ ಹೇಳಲಿ? ನಮ್ಮ ಸೊಸಿ ಮನ್ಯಾಗ ಮೂಕಿ. ಇಲ್ಲಿ ನೋಡಿದ್ರ ಅರಳ ಹುರಿದಂಗ ಮಾತಾಡ್ತಾಳ. ಮೊದಲನೇ ದಿನಾನ ದನಿ ಗುರ್ತ ಹಿಡದೇನಿ.”

ಮುಗಿಯಿತು ನನ್ನ ಕೆಲಸ ಅಂದುಕೊಂಡಳು.

“ಸಿಟ್ಟ ಬಂದಿತ್ತು. ಸುಳ್ಳ ಯಾಕ ಹೇಳಬೇಕ? ರೇಡಿಯೋ ಬಂದ ಮಾಡಿದೆ. ಬಂದ ಮಾಡಿದ್ರ ತ್ವಾಟ ಬಣಬಣ. ತಿರಗಿ ಹಚ್ಚಿದೆ. ಸೊಸಿ ನಗೂದ ನಾ ಇಲ್ಲೀತನಾ ಕೇಳೇ ಇರಲಿಲ್ಲ ನೋಡವಾ.”

ಸುತ್ತಿನ ತಾಲೂಕೆಲ್ಲ ಕೇಳುತ್ತಿತ್ತು. ಸ್ವೀಟಿಗೆ ಒಂದು ಜೋಕೂ ಹೊಳೆಯಲಿಲ್ಲ.

“ಊಟಾ ಆತೇನ್ರಿ ಮಾವಾ?” ಅಂದಳು ರೂಪಾಲಿ.



“ಇಲ್ಲವಾ. ನೀ ಬಾ, ಕೂಡಿ ಉಣ್ಣೂನು.”