ಊರಿಗೆ ಹೋಗಿ ತಿಳಿಸ್ತೀವಿ

ಪ್ರಪಂಚದ ಯಾವ ಅದ್ಭುತವನ್ನು ತೋರಿಸಿದರೂ ಅಲ್ಲೇ ನಿಂತು ‘ಚೆನ್ನಾಗಿದೆ’ ಎನ್ನುವ ಅಭ್ಯಾಸ ಮುನಿಶಾಮಿಯವರಿಗಿಲ್ಲ. ಈ ವಿಷಯವನ್ನು ಯಾರಾದರೂ ಮೊದಲೇ ನನ್ನ ಕಿವಿಗೆ ಹಾಕಿದ್ದರೆ, ಅವರನ್ನು ಆಫ್ರಿಕಾಕ್ಕೆ ಕರೆದುಕೊಂಡು ಹೋಗುವ ಬದಲು ನಂದಿಬೆಟ್ಟ ತೋರಿಸಿ ಸಂಜೆಯೊಳಗೆ ಮನೆಗೆ ಬಿಟ್ಟುಬರುತ್ತಿದ್ದೆ.

ನನ್ನ ಹೆಸರು ಧನುಶ್ರೀ, ಮನೆ ಮರ್ಫಿ ಟೌನ್. ಇಂದಿರಾನಗರದ ಒಂದು ಟೂರ್ ಕಂಪನಿಯಲ್ಲಿ ನಾಲ್ಕು ವರ್ಷ ವೀಸಾ ಕೌಂಟರಿನ ಹಿಂದೆ ಕೂತಿದ್ದೆ. ದಿನಾ ಬೇರೆಯವರ ಪಾಸ್‌ಪೋರ್ಟ್ ಜೆರಾಕ್ಸ್ ಮಾಡುವುದು, ಯಾರ್‍ಯಾರೋ ಎಲ್ಲೆಲ್ಲಿಗೋ ಹೋಗಿಬಂದ ಠಸ್ಸೆಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದು, ಇದೇ ಕೆಲಸ. ನನ್ನ ಪಾಸ್‌ಪೋರ್ಟ್ ಮಾತ್ರ ತಂದ ದಿನದಷ್ಟೇ ಹೊಸದಾಗಿತ್ತು. ಮಾರ್ಚ್ ಕೊನೆಯಲ್ಲಿ ನಮ್ಮ ಟೂರ್ ಮ್ಯಾನೇಜರ್ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಕಂಪನಿಯ ಒಡತಿ ವಾಜಿದಾ ಮೇಡಂ ನನ್ನನ್ನು ಒಳಗೆ ಕರೆದರು. ಅವರು ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು, ಮಾತು ಕಡಿಮೆ, ಲೆಕ್ಕ ಪಕ್ಕಾ.

“ದೇಖ್ ಬೇಟಾ, ಈ ಸಲ ವಿಕ್ಟೋರಿಯಾ ಫಾಲ್ಸ್‌ಗೆ ನೀನು ಹೋಗು. ಕೊನೇ ದಿನ ಎಲ್ಲರ ಹತ್ರಾನೂ ಫೀಡ್‌ಬ್ಯಾಕ್ ಫಾರಂ ತುಂಬ್ಸ್ಕೊಂಡು ಬಾ. ಹತ್ತಕ್ಕೆ ಒಂಬತ್ತು ಬಂತಾ, ಆಫ್ರಿಕಾ ರೂಟ್ ನಿಂದೇ. ಬರ್ಲಿಲ್ವಾ, ವಾಪಸ್ ಕೌಂಟರ್.”

ವಾಪಸ್ ಕೌಂಟರ್ ಎಂದರೆ ನನಗೆ ಅರ್ಥವಾಗಿತ್ತು. ಇನ್ನೊಬ್ಬ ಮ್ಯಾನೇಜರ್ ಬಂದ ಮೇಲೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಪ್ರವಾಸಿಗಳು ಹನ್ನೊಂದು ಜನ. ಎಲ್ಲರೂ ಕಗ್ಗದಾಸಪುರದ ಹಳೇ ಮನೆತನದವರು, ಒಂದೇ ಬಳಗ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಮನೆಗಳೆದ್ದಿವೆ. ಬಾಡಿಗೆ ಬರುತ್ತಿರುತ್ತದೆ, ಇವರು ತಿರುಗುತ್ತಿರುತ್ತಾರೆ. ಬಳಗಕ್ಕೆಲ್ಲ ಹಿರಿಯರು ಎಪ್ಪತ್ತೊಂದರ ಮುನಿಶಾಮಿ. ಅವರ ಹೆಂಡತಿ ರಾಮಲಕ್ಷ್ಮಮ್ಮ ಚಟ್ನಿಪುಡಿಯ ಡಬ್ಬ ತೊಡೆಯ ಮೇಲಿಟ್ಟುಕೊಂಡೇ ವಿಮಾನ ಹತ್ತಿದರು. ಅಕ್ಕನ ಮಗ ಶ್ರೀನಿವಾಸ್, ಮಾವ ಕೆಮ್ಮಿದರೆ ತಾನೂ ಕೆಮ್ಮುವವನು.

ವಿಮಾನದಲ್ಲಿ ನಾನೇ ಮಾತು ತೆಗೆದೆ. “ಸರ್, ನಯಾಗರಾ ನೋಡಿದೀರಂತೆ. ಹೇಗಿತ್ತು?”

“ನೀರೇನೋ ಬೇಜಾನ್ ಇದೆಯಮ್ಮ. ಆದ್ರೆ ಕತ್ತಲಾದ್ಮೇಲೆ ಬಣ್ಣದ ಲೈಟ್ ಬಿಡ್ತಾರೆ. ಲಕ್ಷಣವಾಗಿರೋ ಮುಖಕ್ಕೆ ಅಷ್ಟು ಪೌಡರ್ ಯಾಕೆ?”

“ಗ್ರ್ಯಾಂಡ್ ಕ್ಯಾನಿಯನ್?”

“ಕಲ್ಲು ಕ್ವಾರಿ. ನಮ್ ಕಡೆ ಮನುಷ್ಯರು ಅಗೆದ್ರು, ಅಲ್ಲಿ ನದಿ ಅಗೀತು. ನದಿಗೆ ಟೈಮ್ ಜಾಸ್ತಿ ಇತ್ತು, ಅಷ್ಟೆ.”

ವಿಯೆಟ್ನಾಮಿನ ಹಾ ಲಾಂಗ್ ಕೊಲ್ಲಿಯಲ್ಲಿ ಸಮುದ್ರದ ನಡುವೆ ಬೆಟ್ಟಗಳು ಎದ್ದು ನಿಂತಿದ್ದು ಅವರಿಗೆ ಹಿಡಿಸಿತ್ತು. ಆದರೆ ದೋಣಿಗಳ ಸಾಲು ನೋಡಿದರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಕೆ.ಆರ್. ಪುರಂ ಸೇತುವೆ ಮೇಲೆ ಸಿಕ್ಕಿಕೊಂಡ ಹಾಗಿತ್ತಂತೆ. ನಾರ್ವೆಯ ಕಡಲ ಕಣಿವೆಗಳಿಗೆ ಚಳಿಯ ಕಾರಣಕ್ಕೆ ಅರ್ಧ ಮಾರ್ಕು ಹೋಯಿತು. “ಹಾಗಾದ್ರೆ ನಮ್ ಜೋಗ?” ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಅದು ಮನೆ ಮಗಳು ಕಣಮ್ಮ. ಮನೆ ಮಗಳಿಗೆ ಯಾರಾದ್ರೂ ಮಾರ್ಕ್ಸ್ ಕೊಡ್ತಾರಾ?”

ಇಂಥವರಿಂದ ಹತ್ತಕ್ಕೆ ಒಂಬತ್ತು ತೆಗೆಯಬೇಕಿತ್ತು ನಾನು.

ವಿಕ್ಟೋರಿಯಾ ಫಾಲ್ಸ್ ತಲುಪಿದ ಮೇಲೆ ಇನ್ನೊಂದು ಗ್ರಹಚಾರ ಕಾದಿತ್ತು. ನಮ್ಮಲ್ಲಿ ಏಪ್ರಿಲ್ ಎಂದರೆ ಶಾಲೆಗೆ ರಜೆ, ಟೂರಿಗೆ ಜನ ಸಿಗುತ್ತಾರೆ. ಅದಕ್ಕೇ ಆಫೀಸಿನಲ್ಲಿ ಆ ತಿಂಗಳು ಗೊತ್ತು ಮಾಡಿದ್ದರು. ಅಲ್ಲಿ ಏಪ್ರಿಲ್ ಎಂದರೆ ಜಾಂಬೆಜಿ ನದಿ ತುಂಬಿ ಸೊಕ್ಕಿರುವ ಕಾಲ. ಅಷ್ಟು ನೀರು ಬಿದ್ದ ರಭಸಕ್ಕೆ ಏಳುವ ತುಂತುರು ಜಲಪಾತವನ್ನೇ ನುಂಗಿಬಿಟ್ಟಿತ್ತು. ಬಾಡಿಗೆ ರೇನ್‌ಕೋಟು ತೊಟ್ಟ ಹನ್ನೊಂದು ಜನ ಕಂಬಿ ಹಿಡಿದು ನಿಂತರು. ಎದುರಿಗೆ ಬರೀ ಬಿಳುಪು.

“ಮೇಡಂ, ಫಾಲ್ಸ್ ಎಲ್ಲಿ?” ಶ್ರೀನಿವಾಸ್ ಕೂಗಿದ.

“ಎದುರಿಗೇ ಇದೆ ಸರ್!”

“ಎದುರಿಗೆ ನನ್ ಕೈಯೇ ನಂಗೆ ಕಾಣ್ತಿಲ್ಲ!”

ಫೋನುಗಳು ಒದ್ದೆಯಾಗಿ ಒಂದೊಂದೇ ಜೇಬು ಸೇರಿದವು. ರಾಮಲಕ್ಷ್ಮಮ್ಮ ಮಾತ್ರ ಸೆರಗು ನೆನೆಯುವುದನ್ನೂ ಲೆಕ್ಕಿಸದೆ ನಗುತ್ತಿದ್ದರು. ಕಾಣಿಸದಿದ್ದರೇನು, ಸದ್ದಂತೂ ಇತ್ತು. ಅದು ಕಿವಿಗೆ ಬರುವ ಮೊದಲು ಎದೆಗೆ ಬಂದು ಹೊಡೆಯುತ್ತಿತ್ತು. ಅಲ್ಲಿನವರು ಇದನ್ನು ‘ಗುಡುಗುವ ಹೊಗೆ’ ಎನ್ನುತ್ತಾರೆ ಎಂದು ಸ್ಥಳೀಯ ಗೈಡ್ ಹೇಳಿದ. ನಮ್ಮವರಲ್ಲಿ ಯಾರಿಗೂ ಹೆಸರು ಬೇಕಿರಲಿಲ್ಲ, ನೀರು ಕಾಣಬೇಕಿತ್ತು.

ಮುನಿಶಾಮಿಯವರು ಕೈ ಹಿಂದೆ ಕಟ್ಟಿಕೊಂಡು ಆ ಬಿಳುಪನ್ನೇ ನೋಡುತ್ತ ನಲವತ್ತು ನಿಮಿಷ ನಿಂತರು. ನಾನು ಅವರ ಬೆನ್ನ ಹಿಂದೆ ನೆನೆಯುತ್ತ ನಿಂತೆ. ‘ಸೂಪರ್ ಆಗಿದೆ ಅಲ್ವಾ ಸರ್’ ಎಂದು ಹಲ್ಲು ಕಿರಿಯಬೇಕು, ಕೌಂಟರಿನಲ್ಲಿ ಕಲಿಸಿದ್ದು ಅದನ್ನೇ. ನನ್ನ ಬಾಯಿಗೆ ಅದು ಬರಲಿಲ್ಲ.

“ಸರ್, ನಂಗೂ ಏನೂ ಕಾಣ್ತಿಲ್ಲ” ಎಂದೆ. “ಆಗಸ್ಟ್‌ನಲ್ಲಿ ಬಂದಿದ್ರೆ ಕಾಣ್ತಿತ್ತು. ಕರ್ಕೊಂಡ್ ಬಂದೋಳು ನಾನು. ತಪ್ಪು ನಂದೇ.”

ತಪ್ಪು ನನ್ನದಾಗಿರಲಿಲ್ಲ. ಆದರೆ ಬಂದವರ ಮುಂದೆ ನಿಂತು ನಮ್ಮ ಆಫೀಸನ್ನು ಬೈಯುವುದು ಮರ್ಯಾದೆಯೂ ಅಲ್ಲ.

ಅವರು ತಿರುಗಿ ನೋಡಿದರು. ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ಹೆಣ್ಣು ಮುಖಾನೇ ತೋರಿಸ್ಲಿಲ್ವಲ್ಲಮ್ಮ” ಎಂದು ಹುಬ್ಬು ಒರೆಸಿಕೊಂಡು, “ನೋಡಾಣ. ಊರಿಗೆ ಹೋಗಿ ತಿಳಿಸ್ತೀವಿ” ಎಂದರು.

ಈ ಮಾತು ನನಗೆ ಹೊಸದಲ್ಲ. ಮೂರು ಗಂಡಿನ ಕಡೆಯವರು ನಮ್ಮ ಮನೆಗೆ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಅಮ್ಮನ ಕೈಯಿಂದ ಎಲೆಅಡಿಕೆ ಇಸಿದುಕೊಂಡು, ಚಪ್ಪಲಿ ಮೆಟ್ಟುವಾಗ ಇದೇ ಮಾತನ್ನು ಇದೇ ರಾಗದಲ್ಲಿ ಹೇಳಿ ಹೋಗಿದ್ದರು. ಮೂವರೂ ಇನ್ನೂ ತಿಳಿಸಿಲ್ಲ.

ಕೊನೆಯ ದಿನದ ಊಟದಲ್ಲಿ ಫಾರಂ ಹಂಚಿದೆ. ಹನ್ನೊಂದೂ ಖಾಲಿಯಾಗಿಯೇ ವಾಪಸ್ ಬಂದವು. “ಮಾವ ಹೇಳ್ದೆ ನಾವ್ ಹೆಂಗ್ ಬರೆಯೋದು ಮೇಡಂ?” ಎಂದ ಶ್ರೀನಿವಾಸ್. “ಹೆಣ್ಣು ನೋಡಕ್ಕೆ ಹೋದೋರು ಅಲ್ಲೇ ಕೂತು ಒಪ್ಪಿಗೆ ಹೇಳ್ತಾರಾ? ವಿಚಾರಿಸ್ಬೇಕು, ಮನೇಲಿ ಕೂತು ಮಾತಾಡ್ಬೇಕು. ನಯಾಗರಾ ನೋಡ್ದಾಗ್ಲೂ ಹಂಗೇ ಮಾಡಿದ್ವಿ.”

ನಯಾಗರಾಕ್ಕೆ ಕೌಂಟರಿನ ಭಯವಿರಲಿಲ್ಲ, ಅದು ಕಾಯಬಹುದು. ನನಗೆ ಬಂದ ಸಿಟ್ಟಿಗೆ ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಬಿಟ್ಟೆದ್ದೆ. ರಾಮಲಕ್ಷ್ಮಮ್ಮ ಹಿಂದೆಯೇ ಬಂದು ಚಟ್ನಿಪುಡಿ ಕಲಸಿದ ಅನ್ನದ ಇನ್ನೊಂದು ತಟ್ಟೆ ಕೈಗಿಟ್ಟು ಹೋದರು. ಹಸಿವಾಗಿತ್ತು, ತಿಂದೆ.

ಬೆಂಗಳೂರಿಗೆ ಬಂದ ಮರುದಿನ ಖಾಲಿ ಫಾರಂಗಳನ್ನು ವಾಜಿದಾ ಮೇಡಂ ಒಂದೊಂದಾಗಿ ತಿರುವಿಹಾಕಿದರು. ಜೆರಾಕ್ಸ್ ಮಶೀನಿನ ಕಡೆ ಕೈ ತೋರಿಸಿದರು. ತಿಂಗಳ ಕೊನೆಗೆ ಹೊಸ ಮ್ಯಾನೇಜರನ್ನು ನೋಡುವುದಿದೆ ಎಂದೂ ಹೇಳಿದರು.

ಒಂದು ವಾರ ಕಳೆದು ಗುರುವಾರ ಮಧ್ಯಾಹ್ನ ಅಮ್ಮನ ಫೋನು. ನಮ್ಮಮ್ಮ ಮುನಿವೆಂಕಟಮ್ಮ ಖುಷಿಯಾದರೆ ಕಿರುಚುತ್ತಾಳೆ.

“ಧನೂ! ನಿನ್ ವಿಷಯ ವಿಚಾರ್ಸ್ಕೊಂಡು ಯಾರೋ ಬಂದಿದ್ರು ಕಣೇ! ದೊಡ್ಡ ಕಾರು. ನಿನ್ನ ಎಲ್ಲೋ ಹೊರಗಡೆ ನೋಡಿದಾರಂತೆ, ಇಷ್ಟ ಆಯ್ತಂತೆ!”

“ಯಾರಮ್ಮ ಅವರು? ಹೆಸರೇನು?”

“ಮೊದಲ್ನೇ ಸಲ ಬಂದೋರ್ನ ಅದೆಲ್ಲ ಕೇಳೋಕಾಗುತ್ತಾ? ದೊಡ್ಡೋರು, ಗಂಡ ಹೆಂಡ್ತಿ, ಎರಡೆರಡು ಸಲ ಕಾಫಿ ಕುಡಿದ್ರು. ಹುಡುಗಿಗೆ ಸಿಟ್ಟು ಜಾಸ್ತಿನಾ ಅಂದ್ರು. ಅಯ್ಯೋ ಇಲ್ಲಪ್ಪ ಅಂದೆ. ಎದುರು ಮನೆ ಶಾಂತಕುಮಾರಿ ಮಾತ್ರ ಜಾಸ್ತಿನೇ ಅಂದ್ಬಿಟ್ಲಂತೆ, ಹಾಳಾದೋಳು. ನಾಳೆ ನಿಮ್ಮಾಫೀಸಿಗೇ ಬರ್ತಾರಂತೆ, ನನ್ನೂ ಕರ್ಕೊಂಡು!”

ನನಗೆ ಮೈಯೆಲ್ಲ ಉರಿಯಿತು. ಟೂರಿನ ಕೆಲಸ ಕೈತಪ್ಪುವ ಹೊತ್ತಿಗೆ ಕೌಂಟರಿನ ಮುಂದೆಯೇ ಹೆಣ್ಣು ನೋಡುವ ಶಾಸ್ತ್ರ. ಇದೊಂದು ಬಾಕಿ ಇತ್ತು.

ಶುಕ್ರವಾರ ಹನ್ನೊಂದು ಗಂಟೆಗೆ ಆಫೀಸಿನ ಗಾಜಿನ ಬಾಗಿಲು ತೆರೆಯಿತು. ಮೊದಲು ಬಂದದ್ದು ಒಂದು ಹಿತ್ತಾಳೆ ತಟ್ಟೆ: ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ನಾಲ್ಕು ಮೊಳ ಮಲ್ಲಿಗೆ. ಅದನ್ನು ಹಿಡಿದಿದ್ದವರು ರಾಮಲಕ್ಷ್ಮಮ್ಮ. ಹಿಂದೆ ಮುನಿಶಾಮಿ, ಶ್ರೀನಿವಾಸ್, ಇನ್ನಿಬ್ಬರು ಹಿರಿಯರು. ಎಲ್ಲರ ನಡುವೆ ರೇಷ್ಮೆ ಸೀರೆಯುಟ್ಟ ನಮ್ಮಮ್ಮ.

ನಿನ್ನೆ ಮನೆಗೆ ಬಂದವರು ಇವರೇ ಎಂದು ನನಗೆ ಆಗ ಹೊಳೆಯಿತು. ನಮ್ಮ ಅಜ್ಜಿ ಕಗ್ಗದಾಸಪುರದ ಕಡೆಯ ಹೊಲಗಳಲ್ಲೇ ಕಳೆ ಕೀಳಲು ಹೋಗುತ್ತಿದ್ದವಳು. ಬಾಯಾರಿದರೆ ಲೋಟ ಕೊಡುತ್ತಿರಲಿಲ್ಲ, ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರಂತೆ. ಅಂಥ ಮನೆಯವರು ನಿನ್ನೆ ಮರ್ಫಿ ಟೌನಿನ ನಮ್ಮ ಒಂದು ಕೋಣೆಯ ಮನೆಯಲ್ಲಿ ಕೂತು, ನಮ್ಮ ಲೋಟದಲ್ಲಿ ಎರಡೆರಡು ಸಲ ಕಾಫಿ ಕುಡಿದು ಎದ್ದಿದ್ದರು. ನನಗೆ ಸಂತೋಷವಾಯಿತು. ಇಷ್ಟಕ್ಕೆಲ್ಲ ಸಂತೋಷಪಡಬೇಕಾಯಿತಲ್ಲ ಎಂದು ಸಿಟ್ಟೂ ಬಂತು.

“ಹುಡುಗ ಎಲ್ಲೇ?” ಅಮ್ಮ ನನ್ನ ಕಿವಿಯಲ್ಲಿ ಕೇಳಿದಳು.

“ಹುಡುಗ ಇಲ್ಲಮ್ಮ. ಇವರು ಟೂರಿಗೆ ಬಂದಿದ್ದೋರು.”

ಅಮ್ಮನ ಮುಖ ಒಂದು ಗಳಿಗೆ ಪೆಚ್ಚಾಯಿತು. ಆಮೇಲೆ ಆ ತಟ್ಟೆ ನೋಡಿ, ಏನೋ ಒಳ್ಳೆಯದೇ ಇರಬೇಕೆಂದು ಸೆರಗು ಸರಿಮಾಡಿಕೊಂಡು ಕೂತಳು.

ಮುನಿಶಾಮಿಯವರು ವಾಜಿದಾ ಮೇಡಂ ಎದುರು ಕುರ್ಚಿ ಎಳೆದುಕೊಂಡರು. “ಮೇಡಂ, ಮನೇಲಿ ಕೂತು ಮಾತಾಡಿದ್ವಿ. ನಯಾಗರಾ, ಕ್ಯಾನಿಯನ್ನು ಎಲ್ಲಾನೂ ಹೋಗೋಕೆ ಮುಂಚೇನೇ ಫೋಟೋದಲ್ಲಿ ನೋಡಿದ್ವಿ. ಹೋದ್ರೆ ಫೋಟೋ ಥರಾನೇ ಇದ್ವು. ಇದು ಒಬ್ಬರ ಫೋನಿಗೂ ಸಿಕ್ಕಲಿಲ್ಲ. ಬಂದು ಒಂದು ವಾರ ಆಯ್ತು, ಇನ್ನೂ ಎದೇಲಿ ಗುಡುಗ್ತಾ ಇದೆ. ಎಲ್ಲದಕ್ಕಿಂತ ಇದೇ ಮೇಲು.”

“ಮಾವ, ಜೋಗಕ್ಕಿಂತಾನಾ?” ಶ್ರೀನಿವಾಸ್ ಬಾಯಿ ಹಾಕಿದ.

“ಬಾಯ್ಮುಚ್ಚೋ” ಎಂದು ಅವರು ಮುಂದುವರಿಸಿದರು. “ಹೋದ ಕಡೆಯೆಲ್ಲ ಗೈಡ್‌ಗಳು ಸೂಪರ್ ಸೂಪರ್ ಅಂತಾರೆ. ಈ ಮಗು ‘ನಂಗೂ ಕಾಣ್ತಿಲ್ಲ, ತಪ್ಪು ನಂದು’ ಅಂತು. ಯಾರಪ್ಪ ಇದು ಅಂತ ಮನೆ ಹತ್ರ ಹೋಗಿ ವಿಚಾರಿಸಿದ್ವಿ. ಸಿಟ್ಟು ಜಾಸ್ತಿಯಂತೆ. ಇರ್ಲಿ. ಮುಂದಿನ ಸಲ ಉತ್ತರ ಧ್ರುವದ ಕಡೆ ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತಲ್ಲ, ಅದು ನೋಡ್ಬೇಕು. ಮೂವತ್ತೊಂದು ಜನ ಬರ್ತೀವಿ. ಕರ್ಕೊಂಡ್ ಹೋಗೋದು ಇವಳೇ ಆಗ್ಬೇಕು.”

ಮೇಡಂ ಡ್ರಾಯರಿನಿಂದ ಫಾರಂ ತೆಗೆದರು. “ಸಾರ್, ಅದೇ ಮಾತು ಇದ್ರಲ್ಲಿ ಬರೆದು ಹತ್ತಕ್ಕೆ ಎಷ್ಟು ಅಂತ…”

“ತಾಂಬೂಲ ತಂದಿದೀವಲ್ಲ ಮೇಡಂ” ಎಂದರು ರಾಮಲಕ್ಷ್ಮಮ್ಮ, ಸ್ವಲ್ಪ ನೊಂದುಕೊಂಡೇ. “ಅದ್ರ ಮೇಲೆ ನಂಬರ್ ಬೇರೆ ಬರೀಬೇಕಾ?”

ಮೇಡಂ ತಟ್ಟೆ ನೋಡಿದರು, ನನ್ನನ್ನು ನೋಡಿದರು. ಫಾರಂ ಮತ್ತೆ ಡ್ರಾಯರಿಗೆ ಹೋಯಿತು. “ಬೇಡಮ್ಮ. ಆಫ್ರಿಕಾನೂ ಇವಳದೇ, ಹಸಿರು ಬೆಳಕೂ ಇವಳದೇ.”

ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಆದರೆ ರಾಮಲಕ್ಷ್ಮಮ್ಮ ತಟ್ಟೆಯನ್ನು ಮೇಡಂ ಕೈಗೆ ಕೊಡದೆ, ಅಮ್ಮನ ಕೈಗೂ ಕೊಡದೆ, ನನ್ನ ಮುಂದೆ ಹಿಡಿದು ನಿಂತರು. “ನಾವು ಒಪ್ಪಿದ್ವಿ. ನಿಂಗೆ ಒಪ್ಪಿಗೆನಾ ಮಗಾ?”

ನನ್ನನ್ನು ನೋಡಲು ಬಂದ ಮೂರು ಗಂಡಿನ ಕಡೆಯವರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ನಮ್ಮ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ಅಳುವಿನ ಜೊತೆಗೇ ನಗೆಯೂ ಬಂತು. ಅಮ್ಮ ಹಿಂದಿನಿಂದ ತಿವಿದು ‘ಹೂಂ ಅನ್ನೇ’ ಎಂದಳು.

“ಒಪ್ಪಿಗೆ ಅಮ್ಮ” ಎಂದೆ. ಆಮೇಲೆ ಮೇಡಂ ಕಡೆ ತಿರುಗಿದೆ. “ಆದ್ರೆ ಯಾವ ತಿಂಗಳು ಹೋಗೋದು ಅಂತ ನಾನೇ ಹೇಳ್ತೀನಿ.”

ವಾಜಿದಾ ಮೇಡಂ ತಲೆಯಾಡಿಸಿದರು. “ಸರಿ ಬೇಟಾ, ನೀನೇ ಹೇಳು.”

ನಾನು ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು.